ಹಲ್ಲಿನ ದವಾಖಾನಿ ಮ್ಯಾಲಿನ ಮಾಳಿಗಿ

ಬರ್ರಿ, ಚಪ್ಪಲಿ ಒಳಗಽ ತರ್ರಿ,
ಹೊರಗ ಬಿಟ್ರ ವಾಸ್ಕೋದ ನಾಯಿ ಒಯ್ತಾವ.
ಕೆಳಗ ಹಲ್ಲಿನ ಡಾಕ್ಟರ ಬೋರ್ಡು ನೋಡಿದ್ರಲ್ಲ,
ಮೆಟ್ಟಲದಾಗ ಯಾರರ ಕೇಳಿದ್ರ ಹಲ್ಲು ನೋಯ್ತಾವ ಅನ್ರಿ.
ಎಲ್ಲಾರೂ ಹಂಗಽ ಅಂತಾರ.
ಬಂದರದ ಒಬ್ಬ ಕ್ರೇನಿನವಗ ಮೂರು ವರ್ಷ ಹಲ್ಲುನೋವು,
ಹೆಂಡತಿ ಲವಂಗದೆಣ್ಣಿ ತಂದು ತಂದು ಸೋತಳು.

ಈರಬಸಪ್ಪ ಹೊಂಬಳ. ಮುಳಗುಂದ. ವೆಲ್ಡಿಂಗು.
‘ಹುಚ್ಚರ ಡಾಕ್ಟರೇನ್ರಿ’ ಅಂತ ಫೋನಿನ್ಯಾಗ ಕೇಳಿದವರು ನೀವಽ,
ದನಿ ಗುರುತಾತು.
ಕೇಳಿದ್ದು ತಪ್ಪಲ್ಲ.

ಮದಲನೇ ಸಲಕ್ಕ ಸಾವಿರದಾ ಇನ್ನೂರು, ಮುಕ್ಕಾಲು ತಾಸು.
ಆಮ್ಯಾಲಿಂದ ಆರುನೂರು, ಕಾಲು ತಾಸು.
ಕಡಿಮಿ ಅನಸ್ತೈತಿ. ಹೌದು, ಕಡಿಮಿನಽ.
ಅದಕ್ಕ ದೊಡ್ಡದನ್ನ ಮದಲ ಹೇಳ್ರಿ.
ಬಹಳ ಮಂದಿ ಹದಿನಾಲ್ಕು ನಿಮಿಷ ಹೊಟ್ಟಿ ಉಬ್ಬರ ಹೇಳಿ
ಎದ್ದು ಬಾಗಲದ ಹಿಡಿಕಿ ಹಿಡಕೊಂಡು
‘ಮತ್ತ ಒಂದು ಮಾತು’ ಅಂತಾರ.
ಆ ಒಂದು ಮಾತಿಗೇ ಅವರು ಬಂದಿರತಾರ.

ಹಳೇ ಚೀಟಿ ತಂದೀರೇನು? ನುಂಗಿ ಖಾಲಿಯಾದ ಗುಳಿಗಿ ಹಾಳಿ,
ಊರಾಗ ಕೊಟ್ಟ ಪುಡಿ? ಟೋಳಿನ ಮ್ಯಾಲಿನ ತಾಯತಾ
ಅಂಗಿಯೊಳಗ ಮುಚ್ಚೂದೇನೂ ಬ್ಯಾಡ,
ಫುರ್ತಾದಬಾಯಿ ನಗಂಗಿಲ್ಲ.
ರಾತ್ರಿ ಎಷ್ಟು ಕ್ವಾರ್ಟರ್ ಅಂತ ಕೇಳಿದ್ರ ಅರ್ಧಾ ಮಾಡಿ ಹೇಳಬ್ಯಾಡ್ರಿ,
ಅವರು ಎರಡರಿಂದ ಗುಣಿಸಿ ಬರಕೋತಾರ,
ಖರೇ ಹೇಳಿದವಗ ಲುಕ್ಸಾನ.

ಅವರಿಗೆ ಕೊಂಕಣಿ, ಹಿಂದಿ, ಇಂಗ್ಲಿಷ್.
ನಿಮ್ಮ ಹಿಂದಿ ಪಗಾರ ಕೇಳಾಕ ಸಾಕು, ಬಾಡಿಗಿ ಜಗಳಕ್ಕ ಸಾಕು,
ಇದಕ್ಕ ಸಾಲಂಗಿಲ್ಲ.
ಬೇಕಂದ್ರ ನಾ ಒಳಗ ಕೂಡತೀನಿ.
ನೀವಂದದ್ದನ್ನ ಆಚಿಗೆ ದಾಟಿಸತೀನಿ,
ಸಂಜಿಮುಂದ ಕೀಲಿ ಹಾಕುವಾಗ ಎಲ್ಲಾ ಒಳಗಽ ಬಿಟ್ಟು ಹೋಗತೀನಿ.
ಮೀನಿನ ಮಾರ್ಕೆಟ್ಟಿನ್ಯಾಗ ಎದುರಾದ್ರ
ನಿಮ್ಮ ಗುರುತು ಹಿಡಿಯಂಗಿಲ್ಲ, ಸಿಟ್ಟಾಗಬ್ಯಾಡ್ರಿ.

ನಿದ್ದಿಗೆ ಹಿಂದಿ ಐತಿ, ಹಸಿವಿಗೈತಿ, ಹೆದರಿಕಿಗೈತಿ.
ಒಬ್ಬಾಕಿ, ಬಹಳ ವರ್ಷದ ಮಾತು,
ಒಳಗ ಕುಂತು ‘ಹಳಹಳಿ’ ಅಂದ್ಲು.
ಬಾಯಾರಿಗೆ ತಿಳೀಲಿಲ್ಲ.
ದುಃಖ? ಅಂತ ಕೇಳಿದ್ರು. ಅಲ್ಲ.
ಪಶ್ಚಾತ್ತಾಪ? ಅಲ್ಲ.
‘ಅದರ ಹಿಂದಿಂದು’ ಅಂದು ಎದಿ ತೋರಿಸಿದ್ಲು.
ದಾಟಿಸಾಕ ಆಗ ಇಲ್ಲಿ ಯಾರೂ ಇದ್ದಿಲ್ಲ.
ಪೆನ್ನು ಎತ್ತಿ ಹಿಡಿದು ಬಹಳ ಹೊತ್ತು ಕುಂತರು,
ಕಡೀಕ ಇಂಗ್ಲಿಷ್ ಅಕ್ಷರದಾಗ ಹೆಂಗಿತ್ತೋ ಹಂಗಽ ಬರಕೊಂಡ್ರು.
ಈಗ ನಮ್ಮ ಕಡೆಯವರು ಬಂದ್ರ ತಾವಽ ಕೇಳತಾರ,
‘ಹಳಹಳಿ?’
ಕೊಂಕಣಿಯೊಳಗೂ ಳ ಐತಿ ನೋಡ್ರಿ, ಚಂದ ಅಂತಾರ.
ಅದೊಂದು ಶಬ್ದಕ್ಕ ಎಷ್ಟೋ ಮಂದಿ
ಕಚ್ಚಿ ಹಿಡಿದ ಹಲ್ಲು ಸಡಿಲ ಬಿಟ್ಟಾರ.

ಗುಳಿಗಿ ಕೊಟ್ರ ಮೂರು ವಾರ ತಡೀರಿ.
ಬೀಜ ಊರಿ ಮರುದಿನ ಕೆದರಿ ನೋಡಬ್ಯಾಡ್ರಿ.
ಮದಲ ಬಾಯಿ ಒಣಗಬಹುದು, ಮಬ್ಬು ಬರಬಹುದು,
ಹಡಗಿನ ಮ್ಯಾಲ ಹತ್ತೂ ಕೆಲಸಿದ್ರ ಇವತ್ತಽ ಹೇಳ್ರಿ.
ಆರಾಮಾತು ಅಂತ ಕೇಳದಽ ಬಿಟ್ಟವರು
ತಿರುಗಿ ಬರತಾರ. ಬೈಯಂಗಿಲ್ಲ ನಾ,
ಚಹಾ ತರಸ್ತೀನಿ, ಅಷ್ಟ.

ರೊಕ್ಕ ಸಾಲದಿದ್ರ ಅದನ್ನೂ ಹೇಳ್ರಿ.
ಬಾಂಬೋಳಿ ಸರಕಾರಿ ದವಾಖಾನಿಗೆ ಚೀಟಿ ಬರೀತಾರ.
ಪಾಳಿ ಉದ್ದ ಇರತೈತಿ, ರೊಟ್ಟಿ ಕಟಗೊಂಡು ಹೋಗ್ರಿ.

ಫಾರ್ಮು ಕೊಡ್ರಿಲ್ಲೆ.
‘ಅಡಚಣಿ ಬಂದ್ರ ಯಾರಿಗೆ ತಿಳಿಸಬೇಕು’,
ಈ ಗೆರಿ ಹಂಗಽ ಬಿಟ್ಟೀರಿ.
ಇರಲಿ.
ನನ್ನ ಫಾರ್ಮಿನ್ಯಾಗೂ ಅಲ್ಲೆ ಏನೂ ಇದ್ದಿಲ್ಲ.
ಬಾಯಾರು ತಮ್ಮ ಕೈಲೆ ಈ ಮೇಜಿನ ನಂಬರ ಬರದ್ರು.
ಈಗ ಅದಕ್ಕ ಫೋನ್ ಬಂದ್ರ
ನಾನಽ ಎತ್ತತೀನಿ.

ಕರೀಲಿಕ್ಕತ್ತಾರ, ಏಳ್ರಿ.
ನಾ ಒಳಗ ಬರಲೇನು, ಹೊರಗಽ ಇರಲೇನು?
ಅದೊಂದು ಹೇಳಿ ಹೋಗ್ರಿ.